ಎರಡಡಿ ನಾಲ್ಕಿಂಚು

ನಾವು ತಲುಪಿದಾಗ ನಾಲೆಯಲ್ಲಿ ನೀರೇ ಇರಲಿಲ್ಲ.
ಫೋಟೋದಲ್ಲಿತ್ತು: ಕಿಟಕಿಯ ಕೆಳಗೇ ಹಸಿರು ನೀರು,
ಅದರಲ್ಲಿ ಕೆಂಪು ಹೆಂಚಿನ ಮಾಡು ತಲೆಕೆಳಗಾಗಿ.
ಇಲ್ಲಿ ಬಿರಿದ ಕೆಸರು, ಒಂಟಿ ಹವಾಯಿ ಚಪ್ಪಲಿ,
ಏನೋ ಬೀಳಿಸಿಕೊಂಡವರ ಹಾಗೆ
ಅತ್ತಿಂದಿತ್ತ ಹುಡುಕುವ ಒಂದು ಕೊಕ್ಕರೆ.

'ಸಾರಿ ಮೇಡಂ, ಸರದಿ ಪ್ರಕಾರ ಬಿಡ್ತಾರೆ,
ಇವತ್ತು ಬರಬಹುದು, ನಾಳೆಯೂ ಆಗಬಹುದು'
ಎಂದ ಕೌಂಟರಿನ ಹುಡುಗ, ಪುನರ್ಪುಳಿ ಶರಬತ್ತು ಮುಂದಿಟ್ಟು.
ಇವರು ನಕ್ಕರು.
ಗಾಜನೂರಲ್ಲಿ ಗೇಟು ಎತ್ತಿದರೆ
ಯಾವ ತೂಬಿಗೆ ಎಷ್ಟು ಹೊತ್ತಿಗೆ ನೀರು ಎಂಬುದೇ
ಮೂವತ್ತೊಂದು ವರ್ಷ ಇವರ ಸಂಬಳ.

ಇವರು.
ಈ ಮಾತು ನನ್ನ ಬಾಯಿಗೆ ಇನ್ನೂ ಹೊಸತು,
ಹೊಸ ಹಲ್ಲಿನ ಸೆಟ್ಟಿನ ಹಾಗೆ ಕಚ್ಚುತ್ತದೆ.
ರಿಜಿಸ್ಟ್ರಾರ್ ಕಚೇರಿಯ ಮೊಹರಿನ ಶಾಯಿ ಒಣಗಿ ನಾಲ್ಕೇ ವಾರ.
ನನಗೆ ನಲವತ್ತೊಂಬತ್ತು. ಇವರಿಗೆ ಕೇಳಬೇಡಿ.
ಚೀಟಿ ಎತ್ತಿದ ದುಡ್ಡಲ್ಲಿ ಎರಡು ರಾತ್ರಿ ಇಲ್ಲಿ.
ಹೊಲಿಗೆಯಂಗಡಿಗೆ ಬೀಗ ಹಾಕಿ
'ಸೋಮವಾರ ಸಿಗುತ್ತೇನೆ' ಎಂದು ಚೀಟಿ ಅಂಟಿಸಿ ಬಂದೆ.

ದೊರೆಗಳ ಕಾಲದ ತಪಾಸಣಾ ಬಂಗಲೆ ಈಗ ಹೋಟೆಲು.
ಬಾಗಿಲ ಮೇಲೆ ಕಲ್ಲಲ್ಲಿ ಕೆತ್ತಿದ ಇಸವಿ,
ಅದರ ಕೆಳಗೆ ವೈಫೈ ಪಾಸ್‌ವರ್ಡು.
ಮೆಟ್ಟಿಲು ಹತ್ತುವಾಗ ಇವರ ಕಾಲು
ತಂತಾನೇ ಎಡಕ್ಕೆ, ಹಿತ್ತಲ ಕಡೆ ತಿರುಗಿತು.
ಶನಿವಾರ ಶನಿವಾರ ಬರುತ್ತಿದ್ದರಂತೆ, ಕಂಕುಳಲ್ಲಿ ರಿಜಿಸ್ಟರು;
ಸಾಹೇಬರ ಊಟ ಮುಗಿಯುವ ತನಕ ಅಡುಗೆಮನೆಯ ಕಟ್ಟೆ.
ಒಳಗಿನ ಕೋಣೆ ಹೇಗಿದೆ ಎಂದು ಅಡುಗೆಯ ಇಬ್ರಾಹಿಂ ಹೇಳುತ್ತಿದ್ದನಂತೆ.
ನಾನು ಮೊಣಕೈ ಹಿಡಿದು ಮುಂಬಾಗಿಲಿಗೇ ಕರೆದೊಯ್ದೆ.

ಎತ್ತರದ ಮಂಚ. ಸೂರಿನಲ್ಲಿ ಬೀಸಣಿಗೆ ಜಗ್ಗುತ್ತಿದ್ದ ಕೊಕ್ಕೆ.
ಹಾಸಿಗೆಯ ಮೇಲೆ ಗುಲಾಬಿ ಎಸಳು,
ಟವಲಿನಲ್ಲಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು.
ಎಲ್ಲಿ ಕೂರುವುದು ನಾವು?
'ಇಬ್ರಾಹಿಂ ಸುಳ್ಳ' ಎಂದರು. 'ಮಂಚಕ್ಕೆ ಏಣಿ ಇದೆ ಅಂದಿದ್ದ.'
ಹಂಸಗಳನ್ನು ಹಾಲು ತುಂಬಿದ ಪಾತ್ರೆಯ ಹಾಗೆ ಎತ್ತಿ
ಕುರ್ಚಿಯ ಮೇಲಿಟ್ಟರು, ಬಿಚ್ಚಲಿಲ್ಲ.
ಮುಖ ತೊಳೆದು, ಹೆಗಲ ಮೇಲಿನ ತಮ್ಮ ವಸ್ತ್ರದಲ್ಲೇ ಒರೆಸಿಕೊಂಡರು.

ಊಟಕ್ಕೆ ಅಕ್ಕಿರೊಟ್ಟಿ, ಕಳಲೆ ಪಲ್ಯ, ಮೇಜಿಗೊಂದು ಮೇಣದ ಬತ್ತಿ.
'ಕರೆಂಟು ಹೋಗಿದೆಯೇನಪ್ಪ?' ಎಂದು ಇವರು ಕೇಳಿದ್ದಕ್ಕೆ
ಹುಡುಗ ಏನೂ ಹೇಳದೆ ನನ್ನತ್ತ ನೋಡಿದ.
ನಾನು ಬತ್ತಿಯತ್ತ ನೋಡಿದೆ.

ಇಪ್ಪತ್ತಾರು ವರ್ಷ ಟೇಪು ಹಿಡಿದವಳು ನಾನು.
ಊರ ಹೆಂಗಸರ ಎದೆ, ತೋಳು, ಬೆನ್ನು,
ಯಾರು ಕರಗಿದರು, ಯಾರು ಬಸುರಿ,
ಅವರವರ ಅತ್ತೆಗಿಂತ ಮೊದಲು ಗೊತ್ತಿರುತ್ತಿತ್ತು ನನಗೆ.
ನನ್ನ ರವಿಕೆಯನ್ನು ಮಾತ್ರ ಹಳೆಯ ಅಂದಾಜಿಗೇ ಕತ್ತರಿಸಿದೆ.

ನಡುರಾತ್ರಿ ದಾಟಿತ್ತು. ಹಾಸಿಗೆಯ ಆ ಬದಿ ಖಾಲಿ.
ಮಾಘದ ಚಳಿಗೆ ಕಿಟಕಿ ಹಾರು ಹೊಡೆದಿದೆ,
ಇವರು ಕತ್ತಲಿಗೆ ಮೂಗೊಡ್ಡಿ ನಿಂತಿದ್ದಾರೆ.
ನಾಲ್ಕು ವಾರದಿಂದ ನೀವು, ತಾವು, ಬನ್ನಿ, ಕೂತ್ಕೊಳ್ಳಿ ಎಂದವರು
ತಿರುಗದೆಯೇ ಅಂದರು:
'ಬಾ ಇಲ್ಲಿ. ಬೇಗ ಬಾರೇ.'

ಮೊದಲು ಬಂದದ್ದು ಸದ್ದಲ್ಲ, ವಾಸನೆ,
ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ.
ಆಮೇಲೆ ದೂರದಲ್ಲಿ ಯಾರೋ ಜೋಳ ಸುರುವಿದಂತೆ.
ಆಮೇಲೆ ಅದೇ ಬಂತು:
ತರಗೆಲೆ, ನೊರೆ, ಬಾಟಲಿ, ಗಾಬರಿಬಿದ್ದ ಕಪ್ಪೆಗಳನ್ನೆಲ್ಲ ನೂಕುತ್ತ
ಒಂದು ಅಗಲವಾದ ನಾಲಗೆ
ಕೆಸರಿನ ಬಿರುಕು ಬಿರುಕನ್ನೂ ನೆಕ್ಕಿಕೊಂಡು.
ಚಪ್ಪಲಿ ಎದ್ದಿತು, ಒಮ್ಮೆ ಸುತ್ತಿತು, ಹೊರಟಿತು.
'ಆರಿಂಚು,' ಇವರು ಪಿಸುಗುಟ್ಟಿದರು. 'ಒಂಬತ್ತು.'
ಕೈ ನನ್ನ ಬೆನ್ನ ಮೇಲಿತ್ತು, ರವಿಕೆ ಸಡಿಲವಿದ್ದ ಜಾಗದಲ್ಲಿ.
'ಒಂದಡಿ.'
ಎಷ್ಟು ಹೊತ್ತು ಎಣಿಸಿದರೋ.
ನನಗೆ ಲೆಕ್ಕ ತಪ್ಪಿತು.

ಬೆಳಿಗ್ಗೆ ಹುಡುಗ ಅತಿಥಿಗಳ ಪುಸ್ತಕ ತಂದ.
ಹಿಂದಿನ ಪುಟದಲ್ಲಿ ಯಾರೋ ಹೃದಯ ಬಿಡಿಸಿ ಬಾಣ ಚುಚ್ಚಿದ್ದರು.
ಇವರು ಕನ್ನಡಕ ಹಾಕಿ, ಗೆರೆ ಎಳೆದು,
ದಿನಾಂಕದ ಕೆಳಗೆ ದಿನಾಂಕ,
ಹೆಸರಿನ ಕೆಳಗೆ ಹಾಲೇಶಪ್ಪ ಮತ್ತು ವಿಶಾಲಾಕ್ಷಿ,
ಅನಿಸಿಕೆ ಎಂದಿದ್ದಲ್ಲಿ ಗುಂಡಗೆ ಬರೆದರು:

ಬೆಳಿಗ್ಗೆ ಆರು ಗಂಟೆ. ಎರಡಡಿ ನಾಲ್ಕಿಂಚು.
ಏರುತ್ತಿದೆ.